ಹತ್ತು ಸಲ ಬೀಳಿಸಿ ನೋಡಿದ ಸ್ಟ್ಯಾಂಡು

ಮಗಳ ಊಟದ ಡಬ್ಬಿ ತುಂಬಿಯಾಗಿತ್ತು, ಮುಚ್ಚಳ ಸಿಗಲಿಲ್ಲ. ಗಂಟೆ ಏಳೂಕಾಲು. ಶಾಲೆಯ ವ್ಯಾನು ಬರುವುದು ಏಳೂವರೆಗೆ. ಪಾತ್ರೆಗಳ ಬುಟ್ಟಿ ಬೋರಲು ಹಾಕಿದೆ, ಒಲೆಯ ಹಿಂದೆ ಕೈ ಹಾಕಿದೆ, ಕೊನೆಗೆ ತೆರೆದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಡುಮನೆಗೆ ಬಂದೆ.

ಮುಚ್ಚಳ ಅಲ್ಲಿತ್ತು. ನಮ್ಮವರು ಬನಿಯನ್ನಿನಲ್ಲಿ ಕೂತು ಅದಕ್ಕೆ ನಾಲ್ಕು ತೂತು ಕೊರೆದು, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಹಸಿರು ಸರ್ಕ್ಯೂಟ್ ಬೋರ್ಡನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದರು.

"ರೀ, ಇದು ಕಡ್ಡಿಯ ಡಬ್ಬಿ ಮುಚ್ಚಳ."

"ಮುಟ್ಟಬೇಡ ಕಣೇ. ಈಗ ಇದು ಸ್ಟ್ಯಾಂಡು."

ಕಡ್ಡಿ ಎಂದರೆ ನಮ್ಮ ಮಗಳು. ಒಂಬತ್ತು ವರ್ಷ. ಎಷ್ಟು ತಿನ್ನಿಸಿದರೂ ಮೈ ಹಿಡಿಯದ್ದಕ್ಕೆ ಅವರಪ್ಪ ಇಟ್ಟ ಹೆಸರು. ಅವಳು ಚೀಲ ಬೆನ್ನಿಗೇರಿಸಿಕೊಂಡು, ಉಸಿರು ಬಿಗಿಹಿಡಿದು, ಅಪ್ಪನ ಪಕ್ಕ ನಿಂತಿದ್ದಳು. ನಮ್ಮವರು ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರ ಹಾಗೆ ಗಂಟಲು ಸರಿಮಾಡಿಕೊಂಡು ತಂತಿ ಸಿಕ್ಕಿಸಿದರು. ಚಿಟ್ ಎಂದಿತು. ಸುಟ್ಟ ವಾಸನೆ ಬಂತು. ಬೋರ್ಡಿನ ಬೆನ್ನ ಮೇಲಿನ ಬೆಸುಗೆಯ ಗುಂಡುಗಳೆಲ್ಲ ಸ್ಟೀಲಿಗೆ ತಾಗಿಕೊಂಡಿದ್ದವು. ಕರೆಂಟು ಹೋಗಬಾರದ ಕಡೆಗೆಲ್ಲ ಒಟ್ಟಿಗೇ ಹೋಗಿತ್ತು. ಉದ್ಘಾಟನೆಯೂ ಉತ್ತರಕ್ರಿಯೆಯೂ ಒಂದೇ ನಿಮಿಷದಲ್ಲಿ ಮುಗಿದವು. ಕಡ್ಡಿ ಆ ದಿನ ಡಬ್ಬಿಯ ಮೇಲೆ ತಟ್ಟೆ ಮುಚ್ಚಿ, ಹಗ್ಗ ಕಟ್ಟಿಕೊಂಡು ಶಾಲೆಗೆ ಹೋದಳು.

ಈ ಬೋರ್ಡು ನಮ್ಮ ಮನೆಗೆ ಬಂದದ್ದು ಯಾಕೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಲೆಯ ಮೇಲೆ ಹಾಲಿದೆ, ಬೇಗ ಹೇಳಿಬಿಡುತ್ತೇನೆ.

ನಾವು ಈ ಕಟ್ಟಡಕ್ಕೆ ಬಂದು ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ನಮ್ಮ ಬಾಗಿಲು ತಟ್ಟಿದವರು ಮೂವರು. ಮೂವರೂ ಬೇರೆ ಮನೆ ಹುಡುಕಿಕೊಂಡು ಬಂದವರು. ಮೂರನೆಯವರನ್ನು ನಾನು ಕುಡಿಯಲು ನೀರು ಕೊಟ್ಟು ಹತ್ತು ನಿಮಿಷ ಕೂರಿಸಿಕೊಂಡೆ. ಪಾಪ, ಅವರಿಗೆ ಹೊತ್ತಾಗುತ್ತಿತ್ತು. ಒಂದು ದಿನ ಉಪ್ಪು ಕೇಳುವ ನೆಪದಲ್ಲಿ ಬಟ್ಟಲು ಹಿಡಿದು ಎದುರು ಮನೆಯ ಟೈಲರಮ್ಮನ ಬಾಗಿಲ ತನಕ ಹೋಗಿದ್ದೆ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ನಿಂತ ಮೇಲೆ ಕರೆಗಂಟೆ ಒತ್ತೋಣವೆಂದು ಕಾದೆ. ಅದು ನಿಂತಿತು. ನಾನು ವಾಪಸು ಬಂದೆ. ನಮ್ಮ ಮನೆಯಲ್ಲಿ ಎರಡು ಕಿಲೋ ಉಪ್ಪು ಇತ್ತು.

ಕಡ್ಡಿಯದೂ ಅದೇ ಪಾಡು. ಕಟ್ಟಡದ ನಡುವೆ ಅಂಗಳ. ಸಂಜೆ ಐದಕ್ಕೆ ಏಳೆಂಟು ಮಕ್ಕಳು ಅಲ್ಲಿ ಸೇರುತ್ತಾರೆ. ಎರಡು ಜಡೆಯ ಒಬ್ಬಳು ಅವರಿಗೆಲ್ಲ ಮುಂದಾಳು. ಕಡ್ಡಿ ಮೊದಲ ಮಹಡಿಯ ನಮ್ಮ ಕಿಟಕಿಯ ಪರದೆಯ ಹಿಂದೆ ನಿಂತು ನೋಡುತ್ತಾಳೆ. ಅವಳು ಅವರನ್ನು ಕೇಳಬೇಕಾದದ್ದು ಒಂದೇ ಒಂದು ಮಾತು. ಅದನ್ನು ನನ್ನೆದುರು ಎಷ್ಟು ಸಲ ಹೇಳಿ ನೋಡಿದಳೋ ಲೆಕ್ಕವಿಲ್ಲ. ಚಪ್ಪಲಿ ಹಾಕುತ್ತಾಳೆ, ತಲೆ ಬಾಚಿಕೊಳ್ಳುತ್ತಾಳೆ, ಇನ್ನೊಂದು ಸಲ ಹೇಳಿ ನೋಡುತ್ತಾಳೆ, ಮೆಟ್ಟಿಲ ತನಕ ಹೋಗಿ ಬರುತ್ತಾಳೆ.

"ನಾನು ಇಳಿಯೋಷ್ಟರಲ್ಲಿ ಆಟ ಶುರು ಆಗಿರುತ್ತಮ್ಮ. ನಡುವೆ ಹೋಗಿ ಹೇಗೆ ಕೇಳೋದು? ಮೊದಲನೆಯವರು ಬಂದ ಕೂಡಲೇ ಗೊತ್ತಾದ್ರೆ ಕೇಳಬಹುದು."

ಈ ಮಾತು ಅವರಪ್ಪನ ಕಿವಿಗೆ ಬಿತ್ತು. ಬೇರೆ ಯಾವ ಅಪ್ಪನಾದರೂ ಮಗಳ ಕೈ ಹಿಡಿದು ಹದಿನಾಲ್ಕು ಮೆಟ್ಟಿಲು ಇಳಿಸುತ್ತಿದ್ದ. ನಮ್ಮವರು ಹಣೆ ಸುಕ್ಕು ಮಾಡಿಕೊಂಡು, "ಇದು ಮುನ್ಸೂಚನೆಯ ಸಮಸ್ಯೆ" ಎಂದರು.

ಮರುದಿನವೇ ಬೋರ್ಡು ಬಂತು. ಅದರ ಜೊತೆಗೆ ಅರ್ಧ ಗೋಲಿಯಂಥ ಬಿಳಿ ಗುಬುಟಿನ ಒಂದು ಸೆನ್ಸರು. ಮನುಷ್ಯರು ಎದುರಿಗೆ ಸುಳಿದರೆ ಅದಕ್ಕೆ ಗೊತ್ತಾಗುತ್ತದಂತೆ. ಗೊತ್ತಾದ ಕೂಡಲೇ ಕಡ್ಡಿಯ ಓದುವ ಮೇಜಿನ ಮೇಲೆ ಒಂದು ಹಸಿರು ದೀಪ ಹತ್ತುತ್ತದಂತೆ. ಕಡ್ಡಿ ಇಳಿಯುತ್ತಾಳಂತೆ. ಉಳಿದದ್ದು ಒಂದೇ ಸಣ್ಣ ಕೆಲಸ, ಬೋರ್ಡಿಗೆ ಒಂದು ಸ್ಟ್ಯಾಂಡು.

ಎರಡನೆಯ ಬೋರ್ಡು ಕೊಡುವಾಗ ಅಂಗಡಿಯವನು ಬುದ್ಧಿ ಹೇಳಿ ಕಳಿಸಿದ್ದ. "ಲೋಹದ ಮೇಲೆ ಕೂರಿಸಬೇಡಿ ಸಾರ್. ಪ್ಲಾಸ್ಟಿಕ್ ಮೇಲೆ ಕೂರಿಸಿ. ಅಡಿಯಲ್ಲಿ ಗಾಳಿ ಆಡೋ ಹಾಗೆ ನಾಲ್ಕು ಕಾಲು ಕೊಡಿ." ನಮ್ಮವರು ಕಡ್ಡಿಯ ಎರಡು ಬಾಲ್‌ಪೆನ್ ಕೊಯ್ದು ನಾಲ್ಕು ಕೊಳವೆ ಮಾಡಿದರು. ಸ್ಕ್ರೂಗಳನ್ನು ಅವುಗಳೊಳಗೆ ತೂರಿಸಿ, ಬೋರ್ಡನ್ನು ನನ್ನ ಬಿಸ್ಕತ್ತಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ನಿಲ್ಲಿಸಿದರು. ನಿಜ ಹೇಳಬೇಕೆಂದರೆ ಮುದ್ದಾಗಿತ್ತು. ನಾಲ್ಕು ಕಾಲಿನ ಮೇಲೆ ಪುಟ್ಟ ಮಂಚದ ಹಾಗೆ. ಅದನ್ನು ಕಿಟಕಿಯ ಗಾಜಿನ ಒಳಗೆ ಇಟ್ಟರು. ದೀಪ ಹತ್ತಲಿಲ್ಲ. ಫೋನು ಮಾಡಿದರೆ ಅಂಗಡಿಯವನು, "ಗಾಜಿನ ಒಳಗಿಟ್ರೆ ಅದಕ್ಕೆ ಮೈಶಾಖ ಎಲ್ಲಿ ಕಾಣುತ್ತೆ ಸಾರ್? ಹೊರಗೆ ಇಡಿ" ಎಂದ.

ಹೊರಗೆ ಎಂದ ಮೇಲೆ ಗಾಳಿಯಿದೆ, ಬೀಳುವ ಭಯವಿದೆ. ಅಲ್ಲಿಗೆ ವಿಷಯ ನಮ್ಮವರ ವೃತ್ತಿಯ ಎಲ್ಲೆಯೊಳಗೆ ಬಂತು.

ನಮ್ಮವರು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಪರೀಕ್ಷಕರು. ತುಂಬಿದ ಪೆಟ್ಟಿಗೆಯನ್ನು ಸೊಂಟದ ಎತ್ತರದಿಂದ ಬೀಳಿಸಿ ನೋಡುವುದು ಅವರ ಕೆಲಸ. ಒಂದು ಸಲ ಮೂಲೆಯ ಮೇಲೆ, ಮೂರು ಸಲ ಅಂಚುಗಳ ಮೇಲೆ, ಆರು ಸಲ ಮುಖಗಳ ಮೇಲೆ, ಒಟ್ಟು ಹತ್ತು. ಹದಿನಾಲ್ಕು ವರ್ಷ ಹೀಗೆ ಬೀಳಿಸುತ್ತಲೇ ಮೇಲಕ್ಕೆ ಬಂದವರು. ಇಲ್ಲಿನ ಹೊಸ ಶಾಖೆಯಲ್ಲಿ ಬೀಳಿಸಲು ಅನುಭವಸ್ಥರಿಲ್ಲವೆಂದೇ ನಮಗೆ ಈ ವರ್ಗವಾದದ್ದು. ಹತ್ತು ಸಲ ಬಿದ್ದು ಉಳಿಯದ ಯಾವುದನ್ನೂ ಅವರು ನಂಬುವುದಿಲ್ಲ. ಹೊಸ ಕುಕ್ಕರಿಗೂ ಈ ಮನೆಯಲ್ಲಿ ವಿನಾಯಿತಿ ಸಿಕ್ಕಿರಲಿಲ್ಲ.

ಬಿಸ್ಕತ್ತಿನ ಮುಚ್ಚಳಕ್ಕೆ ನಾಲ್ಕು ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಬೋರ್ಡಿನ ಬದಲಿಗೆ ಅದೇ ತೂಕದ ಒಂದು ಸೋಪಿನ ತುಂಡು ಕಟ್ಟಿ, ಸಂಜೆ ಐದಕ್ಕೆ ಕಾರ್ಖಾನೆಯಿಂದ ಬಂದವರೇ ಪರೀಕ್ಷೆ ಶುರುಮಾಡಿದರು. ಟಪ್, ಟಪ್, ಟಪ್. ಹತ್ತು. ಸೋಪು ಒಡೆಯಿತು, ಸ್ಟ್ಯಾಂಡು ಉಳಿಯಿತು. ಅದನ್ನು ಕಿಟಕಿಯ ಸರಳಿಗೆ ಹೊರಮುಖವಾಗಿ ಸಿಕ್ಕಿಸಿದರು.

ನಮ್ಮ ನೆಲದ ಕೆಳಗೆ ಪೋಸ್ಟ್‌ಮಾಸ್ತರರ ಸೂರು ಇದೆ ಎಂಬುದು ನಮಗ್ಯಾರಿಗೂ ಆಗ ನೆನಪಾಗಲಿಲ್ಲ. ಅವರು ನಿವೃತ್ತರು, ಕಟ್ಟಡದ ಸಂಘದ ಕಾರ್ಯದರ್ಶಿ, ಆ ಎರಡು ಜಡೆಯವಳ ಅಜ್ಜ.

ಮೊದಲ ಎರಡು ದಿನ ದೀಪ ಹತ್ತಿದ್ದೇ ಹತ್ತಿದ್ದು. ನಾನು ಬೆಡ್‌ಶೀಟು ಒಣಹಾಕಲು ಕೈ ಚಾಚಿದರೆ ಹತ್ತಿತು. ಬೆಕ್ಕು ಗೋಡೆಯ ಮೇಲೆ ನಡೆದರೆ ಹತ್ತಿತು. ಕಡ್ಡಿ ಚಪ್ಪಲಿ ಹಾಕಿದಳು, ತೆಗೆದಳು, ಹಾಕಿದಳು, ತೆಗೆದಳು. "ಸ್ಟ್ಯಾಂಡಿನ ಕೈ ಗಿಡ್ಡ. ಮುಖ ಅಂಗಳದ ಕಡೆಗೆ ಬಾಗಬೇಕು" ಎಂದು ನಮ್ಮವರು ತೀರ್ಪು ಕೊಟ್ಟು, ಮುರಿದ ಛತ್ರಿಯ ಕಂಬಿ ಸೇರಿಸಿ ಕೈ ಉದ್ದ ಮಾಡಿದರು.

ಮೂರನೆಯ ದಿನ ಸಂಜೆ ದೀಪ ಸರಿಯಾಗಿ ಹತ್ತಿತು. ಅಂಗಳದಲ್ಲಿ ಮಕ್ಕಳ ದನಿ. ಕಡ್ಡಿಯ ಮುಖ ಕೆಂಪಾಯಿತು. ತಲೆಯನ್ನೂ ಬಾಚದೆ ಓಡಿದಳು. ನಾನು ಬಾಗಿಲಲ್ಲಿ ನಿಂತು ಮೆಟ್ಟಿಲು ಎಣಿಸತೊಡಗಿದೆ.

ಅದೇ ಗಳಿಗೆಗೆ ನಮ್ಮವರು ಮೂರನೆಯ ಮಾದರಿಯ ಪರೀಕ್ಷೆಗೆ ಇಳಿದಿದ್ದರು. ಅದಕ್ಕೆ ಹಳೆಯ ಟೇಬಲ್ ಫ್ಯಾನಿನ ಕತ್ತು ಸೇರಿತ್ತು, ಬೇಕಾದ ಕಡೆಗೆ ತಿರುಗಲಿ ಎಂದು. ಭಾರ ಎರಡು ಕಿಲೋ ದಾಟಿತ್ತು. ಧಡ್. ಧಡ್. ಧಡ್.

"ರೀ, ಸ್ವಲ್ಪ ತಡೀರಿ."

"ಇನ್ನು ಮುಖಗಳು ಬಾಕಿ ಇವೆ ಕಣೇ." ಧಡ್.

ಕಡ್ಡಿ ವಾಪಸು ಬಂದಳು. "ಯಾರೂ ಇಲ್ಲ. ಸೀಮೆಸುಣ್ಣದಲ್ಲಿ ಅರ್ಧ ಗೆರೆ ಎಳೆದಿಟ್ಟು ಹೋಗಿದಾರೆ. ದೀಪ ಸುಳ್ಳು ಹೇಳ್ತು."

ಮಗಳಿಗೆ ದೀಪ ಸುಳ್ಳು ಹೇಳಿತೆಂದರೆ ತಂದೆಯ ಕರುಳು ಸುಮ್ಮನಿರುತ್ತದೆಯೇ? "ದೀಪದ ತಪ್ಪಲ್ಲ ಪುಟ್ಟಾ, ಸ್ಟ್ಯಾಂಡು ನಡುಗ್ತಾ ಇದೆ. ಇನ್ನೂ ಗಟ್ಟಿ ಮಾಡ್ತೀನಿ" ಎಂದರು.

ಅಲ್ಲಿಂದ ಮುಂದೆ ಸ್ಟ್ಯಾಂಡು ಬೆಳೆಯಿತು, ಅಂಗಳ ಬರಿದಾಯಿತು. ಒಂದಕ್ಕೊಂದು ಸಂಬಂಧವಿದೆ ಎಂದು ನಮಗೆ ಹೊಳೆಯಲಿಲ್ಲ. ದೀಪ ಹತ್ತದಿದ್ದಷ್ಟೂ ನಮ್ಮವರು ಸ್ಟ್ಯಾಂಡನ್ನು ಗಟ್ಟಿ ಮಾಡಿದರು. ಗಟ್ಟಿ ಮಾಡಿದಾಗಲೆಲ್ಲ ಹತ್ತು ಸಲ ಬೀಳಿಸಿದರು. ಬೀಳಿಸಲು ಅವರಿಗೆ ಪುರುಸೊತ್ತು ಸಿಗುವುದು ಸಂಜೆ ಐದಕ್ಕೇ. ಮಳೆ ಬಂದರೆ ಎಂದು ನೀರಿನ ಬಾಟಲಿ ಕೊಯ್ದು ಟೋಪಿ ಹಾಕಿದರು. ಕೊನೆಗೆ ನಮ್ಮ ಕಿಟಕಿಯಿಂದ ಮೂರಡಿ ಉದ್ದದ ಒಂದು ಪ್ರಾಣಿ ಹೊರಗೆ ಚಾಚಿಕೊಂಡಿತು. ಛತ್ರಿಯ ಕೈ, ಫ್ಯಾನಿನ ಕತ್ತು, ಬಾಟಲಿಯ ಟೋಪಿ, ಬಿಳಿಯ ಒಂಟಿ ಕಣ್ಣು. ಪ್ರತಿ ಸಂಜೆ ನಮ್ಮವರು ಅದರ ಕತ್ತು ತಿರುಗಿಸಿ ಒಂದೊಂದು ಮೂಲೆ ನೋಡಿಸುತ್ತಿದ್ದರು. ಕೆಳಗಿನಿಂದ ನೋಡುವವರಿಗೆ ಅದು ಮನೆಮನೆಯ ಹಾಜರಿ ತೆಗೆದುಕೊಂಡ ಹಾಗೆ ಕಂಡಿರಬೇಕು.

ಮೊದಲು ಕಡ್ಡಿ ಪರದೆಯ ಹಿಂದೆ ನಿಂತು ಅಂಗಳವನ್ನಾದರೂ ನೋಡುತ್ತಿದ್ದಳು. ಈಗ ಅಂಗಳದ ಕಡೆಗೆ ಬೆನ್ನು ಮಾಡಿ, ಐದರಿಂದ ಏಳರ ತನಕ, ಹತ್ತದ ದೀಪವನ್ನು ನೋಡುತ್ತಾ ಕೂತಳು. ನಾನು ಪಾತ್ರೆ ತೊಳೆಯುತ್ತಾ ಆಗಾಗ ಇಣುಕುತ್ತಿದ್ದೆ. ಒಂದು ದಿನ ಅವಳಿಗೆ ಕಾಣದ ಹಾಗೆ ಕಿಟಕಿಯಿಂದ ಕೈ ಚಾಚಿ ಸೆನ್ಸರಿನ ಮುಂದೆ ಆಡಿಸಿದೆ. ದೀಪ ಹತ್ತಿತು. ಅವಳು ತಿರುಗಿ, "ಅದು ನೀನು" ಎಂದಳು. ಅಷ್ಟೇ. ನಾನು ಒದ್ದೆ ಕೈ ಒರೆಸಿಕೊಂಡು ಅಡುಗೆಮನೆಗೆ ಬಂದೆ.

ಆ ವಾರ ನಮ್ಮವರ ಅಕ್ಕ ಫೋನು ಮಾಡಿದರು. ಅವರು ಮಾತಾಡಿದರೆ ಫೋನು ಕಿವಿಗಿಡಬೇಕಾದ್ದಿಲ್ಲ, ಮೇಜಿನ ಮೇಲಿಟ್ಟರೂ ಕೇಳುತ್ತದೆ.

"ಅಲ್ಲಿ ಯಾರಾದ್ರೂ ಪರಿಚಯ ಆದ್ರೇನೋ?"

"ಎಲ್ಲರೂ ನಮ್ಮ ಕಿಟಕಿ ಕಡೆನೇ ನೋಡ್ತಾ ಓಡಾಡ್ತಾರೆ ಅಕ್ಕ."

"ಮಾತಾಡಿಸ್ತಾರಾ?"

"ನೋಡ್ತಾರೆ."

"ಮಗೂನ ಕೈ ಹಿಡಿದು ಕೆಳಗೆ ಬಿಟ್ಟು ಬಾರೋ ಮಂಕೇ."

"ಅದು ತಾತ್ಕಾಲಿಕ ಪರಿಹಾರ ಅಕ್ಕ. ನಾನು ಶಾಶ್ವತವಾದ್ದು ಮಾಡ್ತಾ ಇದೀನಿ."

"ಶಾಶ್ವತ ಆಗೋಷ್ಟರಲ್ಲಿ ಅವಳಿಗೆ ಮದುವೆ ವಯಸ್ಸಾಗುತ್ತೆ!" ಎಂದು ಅವರು ಫೋನು ಕುಕ್ಕಿದರು.

ಜನ ನಮ್ಮನ್ನು ನೋಡುತ್ತಿದ್ದದ್ದು ನಿಜ. ಮೆಟ್ಟಿಲಲ್ಲಿ ನಾನು ಎದುರಾದರೆ ಟೈಲರಮ್ಮ ಮಾತು ನಿಲ್ಲಿಸಿ, ಬಾಯಿಯಲ್ಲಿದ್ದ ಗುಂಡುಪಿನ್ನು ನುಂಗಿದವರ ಹಾಗೆ ಗೋಡೆಗೆ ಸರಿಯುತ್ತಿದ್ದರು. ಅವರ ಹೊಲಿಗೆ ಯಂತ್ರ ಸಂಜೆ ಹೊತ್ತು ಓಡುವುದು ನಿಂತುಹೋಯಿತು. ಪೋಸ್ಟ್‌ಮಾಸ್ತರರು ತಮ್ಮ ಮನೆಗೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಇಷ್ಟು ಮೌನಿಗಳ ಕಟ್ಟಡವನ್ನು ನಾನು ಕಂಡಿರಲಿಲ್ಲ. ಇಲ್ಲಿಯವರ ಸ್ವಭಾವವೇ ಹೀಗೆ ಎಂದುಕೊಂಡೆ.

ಆಮೇಲೆ ಕೆಳಗಿನ ಫಲಕದಲ್ಲಿ ಒಂದು ಸೂಚನೆ ಬಂತು. "ಕೆಲವು ನಿವಾಸಿಗಳಿಗೆ ತೊಂದರೆಯಾಗುತ್ತಿರುವುದು ಗಮನಕ್ಕೆ ಬಂದಿರುವ ಕಾರಣ, ಮುಂದಿನ ತೀರ್ಮಾನದವರೆಗೆ ಮಕ್ಕಳು ಅಂಗಳದಲ್ಲಿ ಆಡತಕ್ಕದ್ದಲ್ಲ."

ಅದನ್ನು ಓದಿ ನಮ್ಮವರು ಮೈಯೆಲ್ಲ ಕೆಂಡವಾದರು. "ಮಕ್ಕಳು ಆಡೋದು ತೊಂದರೆಯಂತೆ! ಎಂಥ ಕಲ್ಲು ಹೃದಯದವರೋ! ಯಾರು ಅಂತ ಕೇಳಿಯೇ ಬಿಡ್ತೀನಿ." ಅವರು ಎಂದೂ ಯಾರ ಮನೆಯ ಬಾಗಿಲನ್ನೂ ತಟ್ಟಿದವರಲ್ಲ. ಅಂದು ಪೋಸ್ಟ್‌ಮಾಸ್ತರರ ಬಾಗಿಲು ತಟ್ಟಿದರು. ನಾನು ಬೆನ್ನ ಹಿಂದೆ ನಿಂತಿದ್ದೆ.

"ಸಾರ್, ಈ ಕೆಲವು ನಿವಾಸಿಗಳು ಅಂದ್ರೆ ಯಾರು?"

ಪೋಸ್ಟ್‌ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಅದು... ಹೆಸರು ಬರೆದಿಲ್ಲವಲ್ಲ."

"ಬರೀಬೇಕಿತ್ತು. ದೊಡ್ಡ ಅಕ್ಷರದಲ್ಲಿ ಬರೀಬೇಕಿತ್ತು! ಅಂಥವರು ಯಾರು ಅಂತ ಎಲ್ಲರಿಗೂ ಗೊತ್ತಾಗಲಿ."

"ಹೆಸರು ಬೇಕು ಅಂತೀರಾ?"

"ಖಂಡಿತ ಬೇಕು. ನಾನು ಬಿಡೋದಿಲ್ಲ ಸಾರ್. ಇನ್ನೂ ಗಟ್ಟಿ ವ್ಯವಸ್ಥೆ ಮಾಡ್ತಾ ಇದೀನಿ, ನೋಡ್ತಾ ಇರಿ."

ಪೋಸ್ಟ್‌ಮಾಸ್ತರರು ಬಾಗಿಲಿನ ಚಿಲಕ ಹಿಡಿದುಕೊಂಡರು. ಒಳಗೆ ಎರಡು ಜಡೆ ಒಂದು ಕ್ಷಣ ಕಂಡು, ಮಾಯವಾಯಿತು. ಬಾಗಿಲು ಮುಚ್ಚಿಕೊಂಡಿತು. "ಒಳ್ಳೆಯ ಮನುಷ್ಯರು. ಅವರಿಗೂ ಆ ಜನರ ಹೆದರಿಕೆ ಇರಬೇಕು" ಎಂದರು ನಮ್ಮವರು ಮೆಟ್ಟಿಲು ಹತ್ತುತ್ತಾ. ಹತ್ತಿದವರೇ ಒಂದು ಹೊಸ ಕಬ್ಬಿಣದ ಪಟ್ಟಿ ಬಿಗಿದು ಹತ್ತು ಸಲ ಬೀಳಿಸಿದರು.

ಮರುವಾರ ನಗರಸಭೆಯಿಂದ ಒಬ್ಬರು ಟೇಪು ಹಿಡಿದು ಬಂದರು. ಕಟ್ಟಡದ ಗೋಡೆಯಿಂದ ಏನೋ ಹೊರಗೆ ಚಾಚಿದೆ ಎಂದು ಅರ್ಜಿ ಹೋಗಿತ್ತಂತೆ. ನಾಲ್ಕನೆಯವರು ನಮ್ಮ ಬಾಗಿಲು ತಟ್ಟಿದ್ದು ನಿಜವಾಗಿಯೂ ನಮಗಾಗಿಯೇ ಎಂದು ತಿಳಿದು ನಾನು ಕಾಫಿಗೆ ಇಟ್ಟೆ. ಅವರು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅಳೆದರು.

"ಮೂರಡಿ ಒಂದಿಂಚು. ಇದೇನು? ನಮ್ಮ ನಮೂನೆಯಲ್ಲಿ ಮೂರೇ ಇರೋದು. ಜಾಹೀರಾತು ಫಲಕ, ನೆರಳಿನ ತಗಡು, ಹೂಕುಂಡದ ಹಲಗೆ."

"ಇದು ಮಗಳ ಸ್ಟ್ಯಾಂಡು" ಎಂದರು ನಮ್ಮವರು.

"ಮಗಳು ಇದರ ಮೇಲೆ ನಿಲ್ತಾಳಾ?"

"ಛೆ ಛೆ! ಬೋರ್ಡು ನಿಲ್ಲುತ್ತೆ."

"ಹಾಗಾದ್ರೆ ಜಾಹೀರಾತು."

"ಬೋರ್ಡಿನಲ್ಲಿ ಬರಹ ಏನೂ ಇಲ್ಲ ಸಾರ್. ಯಾರು ಅಂಗಳಕ್ಕೆ ಬಂದ್ರೂ ಅದು ನಮಗೆ ತಿಳಿಸುತ್ತೆ."

ಅವರು ಪೆನ್ನು ತಡೆದು ನಮ್ಮವರ ಮುಖ ನೋಡಿದರು. ಕಾಫಿ ನೋಡಿದರು. ಕುಡಿದರು. ಕೊನೆಗೆ "ಹೂಕುಂಡದ ಹಲಗೆ, ಹೂಕುಂಡ ಇರುವುದಿಲ್ಲ" ಎಂದು ಬರೆದುಕೊಂಡು ಎದ್ದರು. ಇಳಿಯುವಾಗ ಮೆಟ್ಟಿಲಲ್ಲಿ ಪೋಸ್ಟ್‌ಮಾಸ್ತರರು ಅವರ ತೋಳು ಹಿಡಿದು ಪಿಸುಗುಟ್ಟಿದ್ದೂ, ಅವರು "ಬಂದವರನ್ನೆಲ್ಲ ತಿಳ್ಕೊಳ್ತಾರಂತೆ" ಎಂದು ಪಿಸುಗುಟ್ಟಿದ್ದೂ ನನಗೆ ಮೇಲಿನಿಂದ ಕಂಡಿತು, ಕೇಳಿಸಿತು. ಆಗಲೂ ನನ್ನ ತಲೆಗೆ ಹೋಗಲಿಲ್ಲ. ಮಾತಾಡುವ ಜನ ಎದುರಿಗೆ ಸಿಕ್ಕಿದ ಸಂತೋಷ ಇನ್ನೂ ಇಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ನೆಲ ಒರೆಸಿ, ನೀರು ಚೆಲ್ಲಲು ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಇಡೀ ಕಟ್ಟಡ ನಿಂತಿತ್ತು.

ಮುಂದೆ ಪೋಸ್ಟ್‌ಮಾಸ್ತರರು, ಕೈಯಲ್ಲೊಂದು ಕಾಗದ. ಪಕ್ಕದಲ್ಲಿ ಟೈಲರಮ್ಮ. ಅವರ ಹಿಂದೆ, ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬರಂತೆ, ಬಾಯಿಗೆ ಬೆರಳಿಟ್ಟುಕೊಂಡ ಏಳು ಮಕ್ಕಳು. ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಎರಡು ಜಡೆ. ಇಷ್ಟು ಜನ ಒಟ್ಟಿಗೆ ನಮ್ಮ ಬಾಗಿಲಿಗೆ ಬಂದದ್ದು ನೋಡಿ ನನಗೆ ಮೊದಲು ಬಂದ ಯೋಚನೆ, ಇಷ್ಟು ಲೋಟಗಳಿವೆಯೇ ಎಂದು.

ನಮ್ಮವರು ಸ್ಕ್ರೂಡ್ರೈವರ್ ಹಿಡಿದೇ ಬಂದರು. ಪೋಸ್ಟ್‌ಮಾಸ್ತರರು ಅರ್ಧ ಹೆಜ್ಜೆ ಹಿಂದೆ ಸರಿದು ಓದಿದರು.

"ಮೊದಲ ಮಹಡಿಯ ನಿವಾಸಿಗಳಲ್ಲಿ ನಮ್ಮ ವಿನಂತಿ. ಮಕ್ಕಳ ಗಲಾಟೆಯಿಂದ ತಮಗೆ ಆಗಿರುವ ಕಿರುಕುಳ ನಮಗೆ ಅರ್ಥವಾಗಿದೆ. ತಾವು ನೆಲ ಕುಟ್ಟಿ ಕುಟ್ಟಿ ಸೂಚನೆ ಕೊಟ್ಟಿರಿ. ಆಮೇಲೆ ಗಲಾಟೆ ಅಳೆಯುವ ಯಂತ್ರವನ್ನೂ ಹಾಕಿದಿರಿ. ಇನ್ನು ಮುಂದೆ ಮಕ್ಕಳು ದಿನಕ್ಕೆ ಅರ್ಧ ಗಂಟೆ ಮಾತ್ರ, ಬಾಯಿ ಮುಚ್ಚಿಕೊಂಡು ಓಡುವುದಾಗಿ ಒಪ್ಪಿ ಸಹಿ ಮಾಡಿದ್ದಾರೆ. ಯಂತ್ರವನ್ನು ದಯವಿಟ್ಟು ಒಳಗೆ ತೆಗೆದುಕೊಳ್ಳಬೇಕು."

ಕೆಳಗೆ ಏಳು ಸಹಿಗಳಿದ್ದವು. ಒಂದು ನೇರಳೆ ಬಳಪದಲ್ಲಿತ್ತು, ಕೊನೆಯ ಅಕ್ಷರ ತಿರುಗಿ ನಿಂತಿತ್ತು.

"ನಾನು ಹೊಲಿಯೋದನ್ನೂ ಮಧ್ಯಾಹ್ನಕ್ಕೆ ಇಟ್ಕೊಂಡಿದೀನಿ ಕಣಮ್ಮ" ಎಂದರು ಟೈಲರಮ್ಮ, ನನ್ನ ಮುಖ ನೋಡದೆ. "ಅದೂ ಅಳತೆಗೆ ಸಿಕ್ಕಿತೇನೋ ಅಂತ."

ಎಲ್ಲವೂ ಒಮ್ಮೆಗೇ ನನ್ನ ತಲೆಗೆ ಬಂದು ಬಿತ್ತು. ಹತ್ತು ಸಲ.

ನಮ್ಮವರ ಬಾಯಿ ತೆರೆದೇ ಇತ್ತು. ಅದನ್ನು ಸುಮ್ಮನೆ ತೆರೆದಿಡಬಾರದೆಂದು ಮಾತು ಶುರುಮಾಡಿದರು. "ಅಯ್ಯೋ, ಹಾಗಲ್ಲ ಸಾರ್... ಕುಟ್ಟಿದ್ದಲ್ಲ, ಬೀಳಿಸಿದ್ದು. ಒಂದು ಮೂಲೆ, ಮೂರು ಅಂಚು... ಗಾಜಿನ ಒಳಗೆ ಮೈಶಾಖ ಕಾಣಲ್ಲ ನೋಡಿ, ಅದಕ್ಕೇ ಫ್ಯಾನಿನ ಕತ್ತು... ಮೊದಲು ಪೆನ್ನಿನ ಕೊಳವೇಲಿ ನಾಲ್ಕು ಕಾಲು ಮಾಡಿದ್ದೆ..."

"ಮೈಶಾಖ ಯಾಕೆ ನೋಡ್ತೀರಿ?" ಎಂದರು ಪೋಸ್ಟ್‌ಮಾಸ್ತರರು, ಇನ್ನೂ ಹೆದರಿ.

"ಮಕ್ಕಳದು ಸಾರ್. ಮಕ್ಕಳದೇ."

ಟೈಲರಮ್ಮ ಹತ್ತಿರವಿದ್ದ ಎರಡು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಹಾಗಾದ್ರೆ ಈ ಯಂತ್ರ ಇರೋದಾದ್ರೂ ಯಾತಕ್ಕೆ?" ಪೋಸ್ಟ್‌ಮಾಸ್ತರರು ಕಾಗದವನ್ನು ಎದೆಗೊತ್ತಿಕೊಂಡರು. "ನಾವು ನಿಮಗೆ ಏನು ಮಾಡಿದೀವಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಅಷ್ಟರಲ್ಲಿ ನನ್ನ ಸೊಂಟದ ಬಳಿ ಸೀರೆ ಹಿಡಿದುಕೊಂಡಿದ್ದ ಒಂದು ಪುಟ್ಟ ಕೈ ಸಡಿಲವಾಯಿತು. ನಾನು ತುಟಿ ಕಚ್ಚಿಕೊಂಡೆ. ಮತ್ತೆ ಶುರುಮಾಡಲು ಹೊರಟ ನಮ್ಮವರ ಪಾದವನ್ನು ಮೆಲ್ಲಗೆ ತುಳಿದೆ.

ಕಡ್ಡಿ ನನ್ನ ಪಕ್ಕದಿಂದ ಹೊರಗೆ ಬಂದಳು. ಚಪ್ಪಲಿ ಇರಲಿಲ್ಲ. ತಲೆ ಬಾಚಿರಲಿಲ್ಲ. ಒರೆಸಿದ ನೆಲ ಒಣಗಿರಲಿಲ್ಲ. ಹೊಸ್ತಿಲ ತನಕ ಅವಳ ಪಾದದ ಗುರುತುಗಳು ಮೂಡಿದವು. ಎರಡು ಜಡೆಯವಳ ಎದುರಿಗೆ, ಕೈಗೆಟುಕುವಷ್ಟು ಹತ್ತಿರ ನಿಂತಳು. ಅಂಗಳದ ಆ ತುದಿಗೂ ಕೇಳಿಸಲೆಂದು ಇಷ್ಟು ದಿನ ಅಡುಗೆಮನೆಯಲ್ಲಿ ಹದಮಾಡಿಕೊಂಡ ದನಿ ಅದು. ಅದನ್ನು ಚಿಕ್ಕದು ಮಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮೆಟ್ಟಿಲ ಗೋಡೆಗಳೆಲ್ಲ ಮಾರ್ದನಿಗೊಡುವಂತೆ, ಮಕ್ಕಳ ಬಾಯಿಯ ಮೇಲಿನ ಬೆರಳುಗಳೆಲ್ಲ ಜಾರುವಂತೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅವಳು ಕೇಳಿಯೇಬಿಟ್ಟಳು:

"ನನ್ನನ್ನೂ ಆಟಕ್ಕೆ ಸೇರಿಸ್ಕೊಳ್ತೀರಾ?"